ಚಾರಣಕ್ಕೆ ಗಾಳಿ ಹಾಸಿಗೆಯೋ, ಫೋಮ್ ಮ್ಯಾಟೋ? ಕೊಳ್ಳುವ ಮುಂಚೆ ಒಮ್ಮೆ ಓದಿ

ಶೂ ಆಯ್ತು, ಬ್ಯಾಗ್ ಆಯ್ತು, ಟೆಂಟೂ ಬಂತು. ಇನ್ನು ಕೆಳಗೆ ಹಾಸಿಕೊಳ್ಳೋಕೆ ಏನು ತಗೊಳ್ಳೋದು? ಚಾರಣದ ಹುಚ್ಚು ಹತ್ತಿದ ಸ್ವಲ್ಪ ದಿನಕ್ಕೆ ಎಲ್ಲರೂ ಈ ಪ್ರಶ್ನೆಗೆ ಬಂದು ನಿಲ್ಲುತ್ತಾರೆ. ಒಂದು ಕಡೆ ಸಾವಿರ ರೂಪಾಯಿ ಆಸುಪಾಸಿನ ಫೋಮ್ ಮ್ಯಾಟ್. ಇನ್ನೊಂದು ಕಡೆ ಇಪ್ಪತ್ತು ಸಾವಿರ ಮುಟ್ಟುವ ಗಾಳಿ ಹಾಸಿಗೆ, ಮಡಚಿದರೆ ಒಂದು ಲೀಟರ್ ಬಾಟಲಿಯ ಗಾತ್ರ. ಇವೆರಡರ ನಡುವೆ ಆನ್‌ಲೈನ್‌ನಲ್ಲಿ ಎರಡು ಸಾವಿರದ್ದು, ನಾಲ್ಕು ಸಾವಿರದ್ದು ಸಾಲುಗಟ್ಟಿ ನಿಂತಿವೆ. ಎಲ್ಲದರ ಮೇಲೂ ‘ಅಲ್ಟ್ರಾಲೈಟ್’ ಅಂತ ಬರೆದಿರುತ್ತೆ. ಎಲ್ಲದಕ್ಕೂ ನಾಲ್ಕೂಕಾಲು ಸ್ಟಾರ್.

ನನ್ನ ಮಾತು ಮೊದಲೇ ಹೇಳಿಬಿಡುತ್ತೇನೆ. ತೂಕ ನೋಡಿ ಶುರು ಮಾಡಬೇಡಿ. ಯಾವ ನೆಲದ ಮೇಲೆ ಮಲಗುತ್ತೀರಿ, ಹೇಗೆ ಮಲಗುತ್ತೀರಿ, ಈ ಎರಡನ್ನು ಮೊದಲು ಕೇಳಿಕೊಳ್ಳಿ. ಅರ್ಧಕ್ಕಿಂತ ಜಾಸ್ತಿ ಆಯ್ಕೆಗಳು ಅಲ್ಲೇ ಉದುರಿಹೋಗುತ್ತವೆ. ಗ್ರಾಂ ಲೆಕ್ಕ ಆಮೇಲೆ.

ಅಸಲಿಗೆ ಬೇಕಾ?

ಇದನ್ನು ಯಾರೂ ಕೇಳಿಕೊಳ್ಳುವುದಿಲ್ಲ, ಅದಕ್ಕೆ ಮೊದಲು ಇಡುತ್ತಿದ್ದೇನೆ.

ಕರ್ನಾಟಕದಲ್ಲಿ ಅರಣ್ಯ ಇಲಾಖೆಯ ಚಾರಣದ ದಾರಿಗಳಿಗೆ ಈಗ ಆನ್‌ಲೈನ್‌ನಲ್ಲಿ ಬುಕ್ ಮಾಡಬೇಕು. ಬಹಳಷ್ಟು ಕಡೆ ಬೆಳಗ್ಗೆ ಹತ್ತಿ ಸಂಜೆಯೊಳಗೆ ಇಳಿಯಬೇಕು. ಕುದುರೆಮುಖಕ್ಕೆ ಹೋದರೆ ರಾತ್ರಿ ಉಳಿಯುವುದು ಮುಳ್ಳೋಡಿಯಲ್ಲೋ ಸಂಸೆಯಲ್ಲೋ ಯಾವುದಾದರೂ ಹೋಮ್‌ಸ್ಟೇಯಲ್ಲಿ. ಅಲ್ಲಿ ಹಾಸಿಗೆ, ಕಂಬಳಿ ಅವರೇ ಕೊಡುತ್ತಾರೆ. ತುದಿಯಲ್ಲಿ ಟೆಂಟ್ ಹಾಕಿ ಸೂರ್ಯೋದಯ ನೋಡುವ ಕಾಲ ಹೆಚ್ಚುಕಡಿಮೆ ಮುಗಿದಿದೆ. ಹಾಗಾಗಿ ನಮ್ಮ ಘಟ್ಟಗಳಲ್ಲಿ ಟೆಂಟ್ ಅಂದರೆ ಈಗ ಬಹುತೇಕ ಕಾಫಿ ತೋಟದ ಕ್ಯಾಂಪು, ನದಿ ದಂಡೆಯ ಖಾಸಗಿ ಜಾಗ, ಇಲ್ಲವೇ ಸ್ನೇಹಿತರ ತೋಟದ ಅಂಗಳ.

ಹಿಮಾಲಯಕ್ಕೆ ಕಂಪನಿಗಳ ಜೊತೆ ಗುಂಪಿನಲ್ಲಿ ಹೋಗುವವರಿಗೆ ಟೆಂಟ್, ಸ್ಲೀಪಿಂಗ್ ಬ್ಯಾಗ್, ಮ್ಯಾಟ್ ಮೂರೂ ಸಾಮಾನ್ಯವಾಗಿ ಪ್ಯಾಕೇಜಿನಲ್ಲೇ ಸೇರಿರುತ್ತವೆ. ಮ್ಯಾಟ್ ತೆಳ್ಳಗಿರುತ್ತೆ ನಿಜ. ವರ್ಷಕ್ಕೊಮ್ಮೆ ಹೋಗುವವರು ಇನ್ನೊಂದು ಮ್ಯಾಟ್ ಕೇಳಿ ಎರಡು ಹಾಸಿಕೊಂಡರೆ ಕೆಲಸ ಮುಗಿಯಿತು. ಅದಕ್ಕೋಸ್ಕರ ಇಪ್ಪತ್ತು ಸಾವಿರ ಸುರಿಯುವುದು ಬೇಡ.

ಸ್ವಂತಕ್ಕೆ ಬೇಕಾಗುವುದು ಇಂಥವರಿಗೆ: ತಮ್ಮ ಟೆಂಟ್ ತಾವೇ ಹೊತ್ತು ಹೋಗುವವರು, ಬೈಕ್ ಅಥವಾ ಸೈಕಲ್ ಮೇಲೆ ಊರೂರು ತಿರುಗುವವರು, ಬೆನ್ನು ಸೊಂಟ ನೋವಿರುವವರು, ಮತ್ತೆ ಅಮೆರಿಕ, ಯೂರೋಪಿನಲ್ಲಿದ್ದುಕೊಂಡು ವೀಕೆಂಡ್ ಬಂದರೆ ಕಾಡಿಗೆ ಹೊರಡುವ ನಮ್ಮ ಮಂದಿ.

ಥಂಡಿ ಬರುವುದು ಕೆಳಗಿನಿಂದ

ಸ್ಲೀಪಿಂಗ್ ಬ್ಯಾಗ್ ಬೆಚ್ಚಗಿದ್ದರೆ ಸಾಕು, ಹಾಸಿಗೆ ಏನಾದರೇನು ಅಂತ ತುಂಬಾ ಜನ ಅಂದುಕೊಳ್ಳುತ್ತಾರೆ. ಬ್ಯಾಗ್ ಬೆಚ್ಚಗಿರುವುದು ಅದರೊಳಗಿನ ಹತ್ತಿಯಂಥ ತುಂಬು ಉಬ್ಬಿಕೊಂಡು ಗಾಳಿಯನ್ನು ಹಿಡಿದಿಟ್ಟುಕೊಳ್ಳುವುದರಿಂದ. ನೀವು ಮಲಗಿದ ಕಡೆ ಅದು ಅಪ್ಪಚ್ಚಿಯಾಗಿರುತ್ತೆ. ಬೆನ್ನ ಕೆಳಗೆ ಬ್ಯಾಗ್ ಇದ್ದೂ ಇಲ್ಲದ ಲೆಕ್ಕ. ಅಲ್ಲಿ ನಿಮ್ಮನ್ನು ನೆಲದಿಂದ ಬೇರೆ ಮಾಡುವುದು ಹಾಸಿಗೆ ಮಾತ್ರ.

ಅದು ಎಷ್ಟರ ಮಟ್ಟಿಗೆ ಥಂಡಿ ತಡೆಯುತ್ತೆ ಅನ್ನುವುದಕ್ಕೆ ಒಂದು ಅಂಕಿ ಇದೆ, ಆರ್ ವ್ಯಾಲ್ಯೂ. ಮೊದಲು ಒಂದೊಂದು ಕಂಪನಿ ತನ್ನದೇ ರೀತಿಯಲ್ಲಿ ಅಳೆದು ತನಗೆ ಬೇಕಾದ ಅಂಕಿ ಹಾಕಿಕೊಳ್ಳುತ್ತಿತ್ತು. 2018ರಲ್ಲಿ ಎಎಸ್‌ಟಿಎಂ ಎಫ್3340 ಅನ್ನುವ ಒಂದೇ ಮಾನದಂಡ ಬಂತು. ಒಂದು ಬಿಸಿ ಫಲಕ, ಒಂದು ತಣ್ಣನೆಯ ಫಲಕ, ನಡುವೆ ಹಾಸಿಗೆ. ಬಿಸಿ ಫಲಕವನ್ನು ಅದೇ ಬಿಸಿಯಲ್ಲಿಡಲು ಎಷ್ಟು ವಿದ್ಯುತ್ ಬೇಕಾಗುತ್ತೆ ಅಂತ ಅಳೆಯುತ್ತಾರೆ. ಈಗ ಒಳ್ಳೆಯ ಕಂಪನಿಗಳೆಲ್ಲ ಈ ಅಂಕಿಯನ್ನೇ ಹಾಕುತ್ತವೆ. ಹಾಗಾಗಿ ಒಂದರ 4 ಇನ್ನೊಂದರ 4ಕ್ಕೆ ಸಮ.

ಈ ಅಂಕಿಯ ಬಗ್ಗೆ ಎರಡು ಸಂಗತಿ ಗೊತ್ತಿದ್ದರೆ ದುಡ್ಡು ಉಳಿಯುತ್ತೆ. ಮೊದಲನೆಯದು, 1ರಿಂದ 2ಕ್ಕೆ ಹೋದರೆ ನೆಲಕ್ಕೆ ಸೋರುವ ಮೈಶಾಖ ಅರ್ಧಕ್ಕೆ ಇಳಿಯುತ್ತೆ. 5ರಿಂದ 6ಕ್ಕೆ ಹೋದರೆ ಇಳಿಯುವುದು ಆರನೇ ಒಂದು ಪಾಲು ಅಷ್ಟೇ. ಅಂದರೆ ಶುರುವಿನ ಅಂಕಿಗಳಲ್ಲೇ ಲಾಭ ಜಾಸ್ತಿ. ಎರಡನೆಯದು, ಒಂದರ ಮೇಲೊಂದು ಹಾಸಿದರೆ ಅಂಕಿಗಳು ಕೂಡುತ್ತವೆ. 2ರ ಫೋಮ್ ಮೇಲೆ 2ರ ಫೋಮ್ ಹಾಸಿದರೆ 4.

ಎಷ್ಟು ಬೇಕು? ನಮ್ಮ ಮಲೆನಾಡಿನ ಚಳಿಗೆ 1.5ರಿಂದ 2 ಸಾಕು. ಡಿಸೆಂಬರ್, ಜನವರಿಯಲ್ಲಿ ಚಿಕ್ಕಮಗಳೂರು, ಕೊಡಗಿನ ತೋಟಗಳಲ್ಲಿ ಬೆಳಗಿನ ಜಾವ ಹತ್ತು, ಹನ್ನೆರಡು ಡಿಗ್ರಿ ಇದ್ದರೂ ನೆಲ ಹಿಮಗಟ್ಟಿರುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಹಿಮಾಲಯಕ್ಕೆ, ಅಂದರೆ ಹಂಪ್ಟಾ ಪಾಸ್, ಕಾಶ್ಮೀರದ ಸರೋವರಗಳ ದಾರಿಗೆ, 3ರಿಂದ 4.5. ಡಿಸೆಂಬರ್‌ನಲ್ಲಿ ಕೇದಾರಕಂಠದಂಥ ಕಡೆ ಹಿಮದ ಮೇಲೆ ಟೆಂಟ್ ಹಾಕುವವರಿಗೆ 5ಕ್ಕಿಂತ ಮೇಲೆ. ಬೇಗ ಚಳಿ ಹಿಡಿಯುವ ಮೈ ನಿಮ್ಮದಾದರೆ ಇದಕ್ಕೆ ಒಂದು ಸೇರಿಸಿಕೊಳ್ಳಿ.

ಇಲ್ಲೇ ದೊಡ್ಡ ತಪ್ಪು ತಿಳಿವಳಿಕೆ ಇರುವುದು. ದಪ್ಪ ಇದ್ದರೆ ಬೆಚ್ಚಗಿರುತ್ತೆ ಅಂತ. ಫೋಮಿನ ವಿಷಯದಲ್ಲಿ ಅದು ನಿಜ, ಗಾಳಿ ಹಾಸಿಗೆಯ ವಿಷಯದಲ್ಲಿ ಅಲ್ಲ. ಒಳಗೆ ಬರೀ ಗಾಳಿ ಇದ್ದರೆ ಆ ಗಾಳಿ ಸುಮ್ಮನಿರುವುದಿಲ್ಲ. ನೀವು ಹೊರಳಿದಾಗಲೆಲ್ಲ ಒಳಗೇ ಓಡಾಡಿ ಮೇಲಿನ ಬಿಸಿಯನ್ನು ಕೆಳಕ್ಕೆ ಸಾಗಿಸುತ್ತೆ. ಆರೂವರೆ ಸೆಂಟಿಮೀಟರ್ ದಪ್ಪದ ಕ್ಲೈಮಿಟ್ ಸ್ಟ್ಯಾಟಿಕ್ ವಿ ಅನ್ನುವ ಹಾಸಿಗೆಯ ಆರ್ ವ್ಯಾಲ್ಯೂ 1.3. ಎರಡೇ ಸೆಂಟಿಮೀಟರ್ ದಪ್ಪದ ಥರ್ಮ್-ಎ-ರೆಸ್ಟ್ ಝೀ ಲೈಟ್ ಸೋಲ್ ಫೋಮ್ ಮ್ಯಾಟಿನದು 2. ಮೆತ್ತಗೆ ಅನಿಸುವುದು ಬೇರೆ, ಬೆಚ್ಚಗಿರುವುದು ಬೇರೆ.

ಆರ್ ವ್ಯಾಲ್ಯೂ ಬರೆಯದೆ ‘ಮೈನಸ್ ಹತ್ತು ಡಿಗ್ರಿಗೂ ಆಗುತ್ತೆ’ ಅಂತ ಬರೆದಿದ್ದರೆ ಆ ಪುಟ ಮುಚ್ಚಿಬಿಡಿ.

ಅಂಗಾತವೋ, ಮಗ್ಗುಲಿಗೋ

ಅಂಗಾತ ಮಲಗುವವರ ಭಾರ ಬೆನ್ನು ಪೂರ್ತಿ ಹರಡಿಕೊಳ್ಳುತ್ತೆ. ಅವರಿಗೆ ಎರಡು ಸೆಂಟಿಮೀಟರ್ ಫೋಮೂ ನಡೆಯುತ್ತೆ. ಮಗ್ಗುಲಿಗೆ ಮಲಗುವವರ ಭಾರವೆಲ್ಲ ಸೊಂಟದ ಮೂಳೆ ಮತ್ತು ಭುಜದ ಮೇಲೆ ಬೀಳುತ್ತೆ. ಫೋಮ್ ಮೇಲೆ ಮಲಗಿದರೆ ರಾತ್ರಿ ಎರಡು ಗಂಟೆಗೆ ಒಂದು ಕಡೆ ಜೋಮು ಹಿಡಿದು ಎಚ್ಚರ, ಮತ್ತೆ ಮೂರಕ್ಕೆ ಇನ್ನೊಂದು ಕಡೆ. ಇಂಥವರಿಗೆ ಆರು ಸೆಂಟಿಮೀಟರ್‌ಗಿಂತ ದಪ್ಪದ ಗಾಳಿ ಹಾಸಿಗೆಯೇ ಸರಿ. ವಯಸ್ಸು ನಲವತ್ತು ದಾಟಿದವರು ಇದನ್ನು ಎರಡು ಸಲ ಓದಿ.

ತುಂಬಾ ಹೊರಳಾಡುವವರು ಅಗಲ ನೋಡಿ. ಸಾಮಾನ್ಯ ಅಗಲ 51 ಸೆಂಟಿಮೀಟರ್, ಅಂದರೆ 20 ಇಂಚು. ಅಂಗಾತ ಮಲಗಿದರೆ ಮೊಣಕೈ ಎರಡೂ ಹೊರಗೆ ಬಿದ್ದು ನೆಲ ಮುಟ್ಟುತ್ತವೆ. 64 ಸೆಂಟಿಮೀಟರಿನದು ಸಿಕ್ಕರೆ ನೂರು ಗ್ರಾಂ ಆಸುಪಾಸು ಜಾಸ್ತಿ ಹೊತ್ತರೂ ನಷ್ಟವಿಲ್ಲ. ಆದರೆ ಟೆಂಟಿನ ಅಗಲವನ್ನು ಟೇಪ್ ಹಿಡಿದು ಅಳೆದುಕೊಳ್ಳಿ. ಇಬ್ಬರ ಟೆಂಟುಗಳಲ್ಲಿ ಬಹಳಷ್ಟಕ್ಕೆ 64ರ ಎರಡು ಹಾಸಿಗೆ ಹಿಡಿಸುವುದಿಲ್ಲ.

ಉದ್ದದಲ್ಲಿ ನಮಗೊಂದು ಅನುಕೂಲ ಇದೆ. ‘ರೆಗ್ಯುಲರ್’ ಅನ್ನುವ ಅಳತೆ 183 ಸೆಂಟಿಮೀಟರ್, ಆರಡಿ ಎತ್ತರದವರಿಗೆ ಮಾಡಿದ್ದು. ಐದಡಿ ನಾಲ್ಕಿಂಚಿನವರು 168 ಸೆಂಟಿಮೀಟರಿನ ಚಿಕ್ಕದನ್ನು ತಗೊಂಡರೆ ತೂಕವೂ ಕಡಿಮೆ, ದುಡ್ಡೂ ಸ್ವಲ್ಪ ಕಡಿಮೆ. ಕೆಲವು ಕಂಪನಿಗಳು ಇದನ್ನು ‘ಮಹಿಳೆಯರ ಹಾಸಿಗೆ’ ಅಂತ ಮಾರುತ್ತವೆ. ಗಂಡಸರೂ ಧಾರಾಳವಾಗಿ ಕೊಳ್ಳಬಹುದು, ಹಾಸಿಗೆ ಯಾರು ಮಲಗಿದರು ಅಂತ ಕೇಳುವುದಿಲ್ಲ.

ಮುಳ್ಳು, ಹರಳು, ಉಂಬಳ

ಅಮೆರಿಕದವರು ಬರೆಯುವ ಹೋಲಿಕೆಗಳಲ್ಲಿ ಈ ಭಾಗ ಎರಡು ಸಾಲಿಗೆ ಮುಗಿಯುತ್ತೆ. ನಮ್ಮ ಕಡೆ ಮುಗಿಯುವುದಿಲ್ಲ. ರಾಮನಗರ, ಚಿತ್ರದುರ್ಗದ ಕಡೆ ಬಂಡೆಗಳ ಮೇಲಿನ ಹರಳು ಮರಳು ಟೆಂಟಿನ ನೆಲವನ್ನು ಉಜ್ಜುತ್ತಲೇ ಇರುತ್ತೆ. ಬಯಲುಸೀಮೆಯ ಜಾಲಿ ಮುಳ್ಳು ಚಪ್ಪಲಿ ಅಟ್ಟೆ ದಾಟಿ ಬರುತ್ತೆ, ಟೆಂಟಿನ ಬಟ್ಟೆ ಅದಕ್ಕೊಂದು ಲೆಕ್ಕವೇ ಅಲ್ಲ. ಮಲೆನಾಡಿನಲ್ಲಿ ಮುಳ್ಳು ಕಡಿಮೆ, ಆದರೆ ಮಳೆಗಾಲದಲ್ಲಿ ನೆಲ ಸದಾ ಒದ್ದೆ. ಉಂಬಳದಿಂದ ಹಾಸಿಗೆಗೆ ಅಪಾಯವಿಲ್ಲ, ನಿಮಗೆ ಮಾತ್ರ!

ಬಟ್ಟೆಯ ಗಟ್ಟಿತನವನ್ನು ನೂಲಿನ ದಪ್ಪದ ಅಳತೆಯಾದ ಡೆನಿಯರ್‌ನಲ್ಲಿ ಹೇಳುತ್ತಾರೆ. ಹಗುರ ಹಾಸಿಗೆಗಳದ್ದು 20, 30. ಒರಟು ಬಳಕೆಯವು 70ರ ಮೇಲೆ. 30 ಡೆನಿಯರಿನ ಹಾಸಿಗೆಯನ್ನು ಟೆಂಟಿಲ್ಲದೆ ಬರೀ ನೆಲದ ಮೇಲೆ ಹಾಸುವ ಯೋಚನೆ ಬೇಡ. ಕೆಳಗೆ ತೆಳು ಟಾರ್ಪಾಲ್ ಆದರೂ ಇರಲಿ. ಹಾಸುವ ಮುಂಚೆ ಆ ಜಾಗದ ಮೇಲೆ ಬರಿಗೈ ಆಡಿಸಿ. ಕಣ್ಣಿಗೆ ಕಾಣದ ಮುಳ್ಳು ಅಂಗೈಗೆ ಸಿಗುತ್ತೆ.

ಈಗ ಒಂದೊಂದಾಗಿ

*ಫೋಮ್ ಮ್ಯಾಟ್.* ಸುರುಳಿ ಸುತ್ತುವುದೋ ಮಡಚುವುದೋ, ಎರಡರ ಗುಣವೂ ಒಂದೇ. ಇದರೊಳಗಿನ ಗಾಳಿಗುಳ್ಳೆಗಳು ಒಂದಕ್ಕೊಂದು ಸೇರದೆ ಮುಚ್ಚಿಕೊಂಡಿರುತ್ತವೆ. ಅದಕ್ಕೇ ನೀರು ಹೀರುವುದಿಲ್ಲ, ಪಂಕ್ಚರ್ ಅನ್ನುವ ಮಾತೇ ಇಲ್ಲ. ಬ್ಯಾಗಿನ ಹೊರಗೆ ಕಟ್ಟಿಕೊಳ್ಳಬಹುದು. ಬುತ್ತಿ ಬಿಚ್ಚುವಾಗ ಬಂಡೆ ಮೇಲೆ ಹಾಸಿ ಕೂರಬಹುದು. ಅರ್ಧ ಕತ್ತರಿಸಿ ಬೆನ್ನಿಗೆ ಮಾತ್ರ ಇಟ್ಟುಕೊಂಡು, ಕಾಲ ಕೆಳಗೆ ಖಾಲಿ ಬ್ಯಾಗ್ ಹಾಕಿಕೊಳ್ಳುವವರೂ ಇದ್ದಾರೆ.

ತೊಂದರೆ ಎರಡೇ. ಗಟ್ಟಿ, ಮತ್ತು ಗಾತ್ರ. ಬ್ಯಾಗಿನ ಹೊರಗೆ ಕಟ್ಟಿದ ಮ್ಯಾಟ್ ಶೋಲಾ ಕಾಡಿನ ಕಿರುದಾರಿಯಲ್ಲಿ ಪ್ರತಿ ಕೊಂಬೆಗೂ ಸಿಕ್ಕಿಕೊಳ್ಳುತ್ತೆ. ಬಸ್ಸಿನಲ್ಲಿ ಪಕ್ಕದವರ ಬೈಗುಳ ಬೇರೆ. ಬೆಂಗಳೂರಿನಿಂದ ಡೆಹ್ರಾಡೂನಿಗೆ ವಿಮಾನದಲ್ಲಿ ಹೋಗುವಾಗ ಚೆಕ್-ಇನ್ ಬ್ಯಾಗಿನ ಹೊರಗೆ ಕಟ್ಟಿ ಕೊಟ್ಟರೆ ಹರಿದೇ ಕೈಗೆ ಬರಬಹುದು, ಒಳಗೆ ತುರುಕಲು ಜಾಗವಿರುವುದಿಲ್ಲ.

ಝೀ ಲೈಟ್ ಸೋಲ್, ನೀಮೋ ಸ್ವಿಚ್‌ಬ್ಯಾಕ್ ಈ ಜಾತಿಯ ಹೆಸರುವಾಸಿಗಳು. ಎರಡೂ 410 ಗ್ರಾಂ ಆಸುಪಾಸು, ಎರಡರ ಅಂಕಿಯೂ 2. ಆದರೆ ಫೋಮಿಗೋಸ್ಕರ ವಿದೇಶದಿಂದ ತರಿಸುವ ಅಗತ್ಯ ನನಗಂತೂ ಕಾಣುವುದಿಲ್ಲ. ಡೆಕಾತ್ಲಾನ್ ಥರದ ಅಂಗಡಿಗಳಲ್ಲಿ ಸಿಗುವುದು ಸಾಕು. ಅಲ್ಲೂ ಚೀಟಿ ಮೇಲಿನ ಆರ್ ವ್ಯಾಲ್ಯೂ ನೋಡಿಯೇ ತಗೊಳ್ಳಿ.

ಮನೆಯಲ್ಲಿರುವ ಯೋಗ ಮ್ಯಾಟ್ ಆಗುತ್ತಾ ಅಂತ ಕೇಳುವವರು ಬಹಳ. ತೋಟದ ಕ್ಯಾಂಪಿಗೆ ಒಂದು ರಾತ್ರಿಗೆ ಆಗುತ್ತೆ. ಆದರೆ ಯೋಗ ಮ್ಯಾಟ್ ಮಾಡುವುದು ಜಾರದಿರಲಿ ಅಂತ, ಬೆಚ್ಚಗಿರಲಿ ಅಂತ ಅಲ್ಲ. ರಬ್ಬರಿನದು, ಪಿವಿಸಿಯದು ಕಿಲೋ ದಾಟುತ್ತವೆ. ಹೊತ್ತುಕೊಂಡು ಬೆಟ್ಟ ಹತ್ತಬೇಡಿ.

*ಅಗ್ಗದ ಗಾಳಿ ಹಾಸಿಗೆ.* ಒಳಗೆ ಏನೂ ಇಲ್ಲದ, ಬರೀ ಗಾಳಿ ತುಂಬುವ ಜಾತಿ. ಎರಡರಿಂದ ಐದು ಸಾವಿರದೊಳಗೆ ಸಿಗುವುವು ಬಹುಪಾಲು ಇವೇ. ಮೆತ್ತಗಿರುತ್ತವೆ, ಅರ್ಧ ಕಿಲೋ ಆಸುಪಾಸು ತೂಗುತ್ತವೆ, ಚಿಕ್ಕದಾಗಿ ಮಡಚಿಕೊಳ್ಳುತ್ತವೆ. ಮಗ್ಗುಲಿಗೆ ಮಲಗುವ, ದಕ್ಷಿಣ ಭಾರತದ ಬೆಟ್ಟ ತೋಟಗಳಲ್ಲೇ ಸುತ್ತುವ ಮನುಷ್ಯನಿಗೆ ಇದಕ್ಕಿಂತ ಒಳ್ಳೆಯ ವ್ಯಾಪಾರ ಇಲ್ಲ. ಸೆಖೆಗಾಲದಲ್ಲಿ ಕರಾವಳಿ ಕಡೆ ಹೋದರಂತೂ ಬೆಚ್ಚಗಿಲ್ಲದಿರುವುದೇ ವಾಸಿ.

ದುಡ್ಡು ಹಾಳಾಗುವುದು ಇದನ್ನೇ ಹಿಡಿದು ಹಿಮಾಲಯಕ್ಕೆ ಹೋದಾಗ. ಅಂಗಡಿಯವರು ಎರಡಕ್ಕೂ ಇದನ್ನೇ ತೋರಿಸುತ್ತಾರೆ. ಮನೆಯ ಹಾಲ್‌ನಲ್ಲಿ ಹಾಸಿ ಮಲಗಿದರೆ ಸುಖವಾಗೇ ಇರುತ್ತೆ. ಸೊನ್ನೆ ಡಿಗ್ರಿಯ ನೆಲದ ಮೇಲೆ ಹನ್ನೊಂದು ಗಂಟೆಗೇ ಬೆನ್ನು ಕೊರೆಯಲು ಶುರುವಾಗುತ್ತೆ. ಸ್ಲೀಪಿಂಗ್ ಬ್ಯಾಗ್ ಸರಿಯಿಲ್ಲ ಅಂತ ಬೈದುಕೊಂಡು, ವಾಪಸ್ ಬಂದು ಇನ್ನೂ ದುಬಾರಿ ಬ್ಯಾಗ್ ಕೊಳ್ಳುವವರೂ ಇದ್ದಾರೆ.

*ತಾನೇ ಉಬ್ಬುವ ಹಾಸಿಗೆ.* ಒಳಗೆ ಸ್ಪಂಜಿನಂಥ ಫೋಮ್, ವಾಲ್ವ್ ತೆರೆದರೆ ಅದೇ ಗಾಳಿ ಎಳೆದುಕೊಳ್ಳುತ್ತೆ, ಕೊನೆಗೆ ನೀವು ನಾಲ್ಕು ಸಲ ಊದಿದರೆ ಆಯ್ತು. 1970ರ ದಶಕದ ಶುರುವಿನಲ್ಲಿ ಸಿಯಾಟಲ್‌ನಲ್ಲಿ, ಬೋಯಿಂಗ್‌ನಲ್ಲಿ ಕೆಲಸ ಕಳೆದುಕೊಂಡ ಎಂಜಿನಿಯರುಗಳು ಶುರು ಮಾಡಿದ್ದು ಇದು. ಥರ್ಮ್-ಎ-ರೆಸ್ಟ್ ಹುಟ್ಟಿದ್ದು ಹಾಗೆ. ಗಟ್ಟಿಮುಟ್ಟು, ನಂಬಬಹುದು. ಆದರೆ ಈಗ ಬೆನ್ನ ಮೇಲೆ ಹೊರುವವರಿಗೆ ಇದು ಎಡಬಿಡಂಗಿ. ಅವರದೇ ಹಗುರವಾದ ಪ್ರೋಲೈಟ್ ಕೂಡ ಅರ್ಧ ಕಿಲೋ ತೂಗಿ 2.4 ಅಂಕಿ ಕೊಡುತ್ತೆ, ದಪ್ಪ ಎರಡೂವರೆ ಸೆಂಟಿಮೀಟರ್ ಮಾತ್ರ. ಕಾರಿನಲ್ಲಿ ಹೋಗಿ ಮಲಗುವವರು, ಬುಲೆಟ್‌ನ ಹಿಂದೆ ಕಟ್ಟಿಕೊಂಡು ಹೋಗುವವರು ದಪ್ಪದ್ದು ನೋಡಿ ಕೊಳ್ಳಲಿ. ಉಳಿದವರು ಮುಂದಕ್ಕೆ ಹೋಗಿ.

*ಬೆಚ್ಚನೆಯ ಹಗುರ ಗಾಳಿ ಹಾಸಿಗೆ.* ಎಲ್ಲರ ಕಣ್ಣು ಇರುವುದು ಇದರ ಮೇಲೆ. ಗಾಳಿ ಓಡಾಡದಂತೆ ಒಳಗೆ ಸಣ್ಣ ಸಣ್ಣ ಕೋಣೆಗಳು, ಶಾಖವನ್ನು ಮೈಗೇ ತಿರುಗಿಸಿ ಕಳಿಸುವ ಹೊಳಪಿನ ಹಾಳೆ, ಕೆಲವದರಲ್ಲಿ ಸಿಂಥೆಟಿಕ್ ಹತ್ತಿ ಅಥವಾ ಬಾತಿನ ಪುಕ್ಕ.

ಥರ್ಮ್-ಎ-ರೆಸ್ಟ್ ನಿಯೋಏರ್ ಎಕ್ಸ್‌ಲೈಟ್ ಎನ್‌ಎಕ್ಸ್‌ಟಿ ಇವುಗಳಲ್ಲಿ ಎಲ್ಲರ ಬಾಯಲ್ಲಿರುವ ಹೆಸರು. 370 ಗ್ರಾಂ ಆಸುಪಾಸು ತೂಕ, ಏಳೂವರೆ ಸೆಂಟಿಮೀಟರ್ ದಪ್ಪ, ಅಂಕಿ 4.5. ಮೇಲೆ ಹೇಳಿದ ಫೋಮ್ ಮ್ಯಾಟಿಗಿಂತ ಹಗುರ, ಎರಡರಷ್ಟಕ್ಕಿಂತ ಜಾಸ್ತಿ ಬೆಚ್ಚಗೆ. ಅದರ ಅಣ್ಣ ಎಕ್ಸ್‌ಥರ್ಮ್ ಎನ್‌ಎಕ್ಸ್‌ಟಿ 440 ಗ್ರಾಂಗೆ 7.3 ಕೊಡುತ್ತೆ, ಹಿಮದ ಮೇಲೆ ಮಲಗುವವರಿಗೆ. ನೀಮೋ ಟೆನ್ಸರ್‌ನಲ್ಲಿ ಹಲವು ಬಗೆ ಇವೆ, ಹೆಸರು ಸರಿಯಾಗಿ ನೋಡಿ: ಟ್ರೇಲ್ 2.8, ಆಲ್-ಸೀಸನ್ 5.4, ಎಕ್ಸ್‌ಟ್ರೀಮ್ 8.5. ಈ ಮೂರರ ಫೋಟೋ ಹೆಚ್ಚುಕಡಿಮೆ ಒಂದೇ ಥರ ಇರುತ್ತೆ. ಆಸ್ಟ್ರೇಲಿಯಾದ ಸೀ ಟು ಸಮಿಟ್‌ನವು ಸ್ವಲ್ಪ ಭಾರ, ಆದರೆ ಪುಟ್ಟ ಪುಟ್ಟ ದಿಂಬು ಜೋಡಿಸಿದ ಹಾಗಿರುವುದರಿಂದ ಮೈಗೆ ಹಿತ.

ಸದ್ದಿನ ವಿಷಯ ಹೇಳಲೇಬೇಕು. ಒಳಗಿನ ಹೊಳಪು ಹಾಳೆ ಹೊರಳಿದಾಗಲೆಲ್ಲ ಚಿಪ್ಸ್ ಪ್ಯಾಕೆಟ್ ಹಿಸುಕಿದಂತೆ ಪರಪರ ಅನ್ನುತ್ತೆ. ಹಳೆಯ ನಿಯೋಏರ್‌ಗೆ ಈ ವಿಷಯದಲ್ಲಿ ಕೆಟ್ಟ ಹೆಸರೇ ಇತ್ತು. ಹೊಸದರಲ್ಲಿ ಕಡಿಮೆ ಮಾಡಿದ್ದಾರೆ, ಪೂರ್ತಿ ಹೋಗಿಲ್ಲ. ನೀಮೋ ಇದರಲ್ಲಿ ವಾಸಿ. ನಿಮಗೆ ನಿದ್ದೆ ಗಾಢವಾಗಿರಬಹುದು, ಪಕ್ಕದಲ್ಲಿ ಮಲಗಿದವರನ್ನೂ ಕೇಳಿ.

ಬೆಲೆ? ಅಮೆರಿಕದಲ್ಲಿ ಎಕ್ಸ್‌ಲೈಟ್ 200 ಡಾಲರ್ ಆಸುಪಾಸು. ಇಲ್ಲಿ ತೆರಿಗೆ, ಸಾಗಣೆ ಸೇರಿ ಇಪ್ಪತ್ತು ಸಾವಿರ ದಾಟುವುದು ಸಾಮಾನ್ಯ. ಅದಕ್ಕೇ ನಮ್ಮಲ್ಲಿ ಅರ್ಧ ಜನ ಅಲ್ಲಿರುವ ಅಕ್ಕನಿಗೋ ಭಾವನಿಗೋ ಹೇಳಿ, ಅವರು ದೀಪಾವಳಿಗೆ ಬರುವಾಗ ತರಿಸಿಕೊಳ್ಳುತ್ತಾರೆ. ಒಳ್ಳೆಯ ಉಪಾಯ. ಆದರೆ ಒಳಗಿನ ಗೋಡೆ ಬಿಟ್ಟುಕೊಂಡು ಹಾಸಿಗೆ ಒಂದು ಕಡೆ ಗಡ್ಡೆ ಕಟ್ಟಿದರೆ ಅದು ಪಂಕ್ಚರ್ ಥರ ಮನೆಯಲ್ಲಿ ಸರಿ ಆಗುವುದಲ್ಲ. ವಾರಂಟಿಗೆ ಮತ್ತೆ ಅಲ್ಲಿಗೇ ಹೋಗಬೇಕು. ನನ್ನ ಗೆಳೆಯನೊಬ್ಬನ ಹಾಸಿಗೆ ಹೀಗೆ ಒಂದು ಕಡೆ ಉಬ್ಬಿ, ಎರಡು ವರ್ಷದಿಂದ ಅಟ್ಟದ ಮೇಲೆ ‘ಅಕ್ಕ ವಾಪಸ್ ಹೋಗುವಾಗ’ ಅಂತ ಕಾಯುತ್ತಿದೆ. ಈ ತಲೆನೋವು ಬೇಡ ಅನ್ನುವವರು ಇಲ್ಲೇ ಅಂಗಡಿ ಇರುವ ಬ್ರ್ಯಾಂಡ್‌ಗಳಲ್ಲಿ 3ರ ಮೇಲಿನ ಅಂಕಿಯದನ್ನು ಹುಡುಕಲಿ. ನೂರಿನ್ನೂರು ಗ್ರಾಂ ಜಾಸ್ತಿ ಇರುತ್ತೆ, ಬೆಲೆ ಅರ್ಧಕ್ಕಿಂತ ಕಡಿಮೆ, ಕೆಟ್ಟರೆ ಕೇಳಲು ಒಂದು ಜಾಗ ಇರುತ್ತೆ.

*ಎರಡೂ ಸೇರಿಸಿ.* ಫೋಮ್ ಕೆಳಗೆ, ಗಾಳಿಯದು ಮೇಲೆ. ಝೀ ಲೈಟ್ ಮೇಲೆ ಎಕ್ಸ್‌ಲೈಟ್ ಹಾಸಿದರೆ 6.5, ಒಟ್ಟು ತೂಕ 780 ಗ್ರಾಂ. ಅಷ್ಟು ದುಬಾರಿಯದ್ದೇ ಆಗಬೇಕೆಂದಿಲ್ಲ. ಈಗಾಗಲೇ ಅಗ್ಗದ ಗಾಳಿ ಹಾಸಿಗೆ ಕೊಂಡವರಿಗೆ ನನ್ನ ಸಲಹೆ ಇದೇ: ಅದನ್ನು ಬಿಸಾಡಬೇಡಿ. ಕೆಳಗೆ 2ರ ಫೋಮ್ ಸೇರಿಸಿ. 3ರ ಮೇಲೆ ಹೋಗುತ್ತೀರಿ, ಬೇಸಿಗೆಯ ಹಿಮಾಲಯಕ್ಕೆ ಅಷ್ಟು ಸಾಕು. ಮುಳ್ಳಿಗೂ ಅಡ್ಡ ಒಂದು ಪದರ ಬಂತು. ರಾತ್ರಿ ಗಾಳಿ ಹೋದರೂ ಬರೀ ನೆಲದ ಮೇಲೆ ಬೀಳುವುದಿಲ್ಲ. ಮೈನಸ್‌ನಲ್ಲಿ ಇದು ದೊಡ್ಡ ಮಾತು. ಹಿಮದ ಮೇಲೆ ಒಂದೇ ಒಂದು ಗಾಳಿ ಹಾಸಿಗೆ ನಂಬಿಕೊಂಡು ಮಲಗುವುದು ನನಗೆ ಸರಿ ಕಾಣುವುದಿಲ್ಲ, ಅದು ಎಷ್ಟೇ ದುಬಾರಿಯದಾಗಿರಲಿ. ಗುಂಪಿನಲ್ಲಿ ಹೋಗುವವರಿಗೆ ಕಂಪನಿಯ ಮ್ಯಾಟೇ ಈ ಕೆಳಪದರ ಆಗುತ್ತೆ.

ಊದುವುದೂ ಒಂದು ಕೆಲಸ

ನಾಲ್ಕು ಸಾವಿರ ಮೀಟರ್ ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಮೂರನೇ ಎರಡು ಭಾಗಕ್ಕಿಂತ ಕಡಿಮೆ. ಇಡೀ ದಿನ ನಡೆದು ಬಂದು ಹಾಸಿಗೆಯನ್ನು ಬಾಯಿಂದ ಊದಿದರೆ ತಲೆ ಗಿರ್ರ್ ಅನ್ನುತ್ತೆ. ಅದಕ್ಕೆ ಪಂಪ್ ಚೀಲ ಕೊಡುತ್ತಾರೆ. ಒಂದು ಉದ್ದ ಚೀಲ, ತುದಿಯನ್ನು ವಾಲ್ವಿಗೆ ಸಿಕ್ಕಿಸಿ, ಇನ್ನೊಂದು ಬಾಯಿಯನ್ನು ಅಗಲ ತೆರೆದು, ಒಂದಡಿ ದೂರದಿಂದ ಮೆಲ್ಲಗೆ ಊದಬೇಕು. ಸುತ್ತಲ ಗಾಳಿಯೂ ಸೇರಿಕೊಂಡು ಒಂದೇ ಉಸಿರಿಗೆ ಚೀಲ ತುಂಬುತ್ತೆ. ಬಾಯಿ ಸುತ್ತಿ ಒತ್ತಿದರೆ ಗಾಳಿ ಒಳಗೆ. ನಾಲ್ಕೈದು ಸಲಕ್ಕೆ ಮುಗಿಯುತ್ತೆ. ಉಸಿರಿನ ತೇವ ಒಳಗೆ ಹೋಗುವುದಿಲ್ಲ, ಬೂಸ್ಟು ಹಿಡಿಯುವುದಿಲ್ಲ. ಮಲೆನಾಡಿನ ಮಳೆಗಾಲದಲ್ಲಿ ಗೋಡೆಗೇ ಬೂಸ್ಟು ಬರುತ್ತೆ, ಹಾಸಿಗೆಯ ಒಳಗೆ ಬರುವುದಿಲ್ಲವಾ? ಕೊಳ್ಳುವಾಗ ಪಂಪ್ ಚೀಲ ಜೊತೆಗಿದೆಯಾ, ಬೇರೆ ಕೊಳ್ಳಬೇಕಾ ನೋಡಿಕೊಳ್ಳಿ. ವಾಲ್ವಿನ ಅಳತೆ ಒಂದೊಂದು ಕಂಪನಿಗೆ ಒಂದೊಂದು ಥರ.

ಬೆಳಗಿನ ಜಾವ ಹಾಸಿಗೆ ಮೆತ್ತಗಾಗಿದ್ದರೆ ಕೂಡಲೇ ಪಂಕ್ಚರ್ ಅಂತ ಹೆದರಬೇಡಿ. ಬಾಯಿಂದ ಊದಿದ ಬಿಸಿ ಗಾಳಿ ಸೊನ್ನೆ ಡಿಗ್ರಿಗೆ ಇಳಿದರೆ ಹತ್ತನೇ ಒಂದು ಪಾಲು ಕುಗ್ಗುತ್ತೆ. ಊದಿ ಅರ್ಧ ಗಂಟೆ ಬಿಟ್ಟು, ಊಟ ಮಾಡಿ ಬಂದು, ಇನ್ನೆರಡು ಉಸಿರು ಸೇರಿಸಿದರೆ ಸರಿ. ಕಲ್ಲಿನಂತೆ ಬಿಗಿಯಾಗಿಯೂ ಬೇಡ. ಮಗ್ಗುಲಿಗೆ ಮಲಗಿ ಮೆಲ್ಲಗೆ ಗಾಳಿ ಬಿಡುತ್ತಾ ಬನ್ನಿ. ಸೊಂಟ ಸ್ವಲ್ಪ ಇಳಿದು, ನೆಲಕ್ಕೆ ಇನ್ನೂ ಎರಡು ಬೆರಳು ಇರುವಾಗ ವಾಲ್ವ್ ಮುಚ್ಚಿ. ಊದಿದ ಹಾಸಿಗೆಯನ್ನು ಬಿಸಿಲಲ್ಲಿ ಬಿಡಬೇಡಿ, ಒಳಗಿನ ಗಾಳಿ ಹಿಗ್ಗಿ ಗೋಡೆಗಳು ಬಿಟ್ಟುಕೊಳ್ಳುತ್ತವೆ.

ಪಂಕ್ಚರ್ ಆದರೆ ಸೈಕಲ್ ಅಂಗಡಿಯ ಸಲ್ಯೂಷನ್ ನಂಬಬೇಡಿ. ಅದು ರಬ್ಬರ್ ಟ್ಯೂಬಿಗೆ ಮಾಡಿದ್ದು, ಈ ಬಟ್ಟೆಗೆ ನಿಲ್ಲುವುದಿಲ್ಲ. ಹಾಸಿಗೆಯ ಜೊತೆ ಬರುವ ತೇಪೆಯನ್ನು ಬ್ಯಾಗಿನಲ್ಲಿಡಿ, ಮನೆಯ ಕಪಾಟಿನಲ್ಲಲ್ಲ. ತೂತು ಹುಡುಕಲು ನೀರಲ್ಲಿ ಒತ್ತಿ ಗುಳ್ಳೆ ನೋಡಿ, ಗುರುತು ಹಾಕಿ, ಒಣಗಿಸಿ, ಸ್ಯಾನಿಟೈಸರ್‌ನಿಂದ ಒರೆಸಿ, ಆಮೇಲೆ ಅಂಟಿಸಿ.

ಹಾಗಾದರೆ ಯಾರಿಗೆ ಯಾವುದು?

ಕಾಲೇಜು ಹುಡುಗರು, ಈಗಷ್ಟೇ ಶುರು ಮಾಡಿದವರು: ಫೋಮ್. ಬೇರೆ ಯೋಚನೆಯೇ ಬೇಡ. ಉಳಿದ ದುಡ್ಡಲ್ಲಿ ಒಳ್ಳೆ ಶೂ ತಗೊಳ್ಳಿ. ಮುಂದೆ ಗಾಳಿ ಹಾಸಿಗೆ ಕೊಂಡರೂ ಈ ಫೋಮ್ ಕೆಳಪದರವಾಗಿ ಕೆಲಸಕ್ಕೆ ಬರುತ್ತೆ.

ಕರ್ನಾಟಕ, ಕೇರಳ, ತಮಿಳುನಾಡಿನಲ್ಲೇ ತಿರುಗುವ, ಮಗ್ಗುಲಿಗೆ ಮಲಗುವ, ಬೆನ್ನುನೋವಿರುವ ಮಂದಿ: ಅಗ್ಗದ ಗಾಳಿ ಹಾಸಿಗೆ, 50 ಡೆನಿಯರ್‌ಗಿಂತ ಗಟ್ಟಿಯದು.

ವರ್ಷಕ್ಕೊಂದು ಹಿಮಾಲಯ, ಉಳಿದಂತೆ ಇಲ್ಲೇ: 3ರಿಂದ 4ರ ನಡುವಿನ, ಇಲ್ಲೇ ಸಿಗುವ ಬೆಚ್ಚನೆಯ ಗಾಳಿ ಹಾಸಿಗೆ. ನನ್ನನ್ನು ಕೇಳಿದರೆ ಬಹುತೇಕ ಓದುಗರು ಬಂದು ನಿಲ್ಲುವುದು ಇಲ್ಲೇ. ಸೆಖೆಗೂ ಏನೂ ತೊಂದರೆ ಕೊಡುವುದಿಲ್ಲ.

ಎಲ್ಲವನ್ನೂ ತಾವೇ ಹೊತ್ತು ವಾರಗಟ್ಟಲೆ ನಡೆಯುವವರು, ಕ್ಯಾಲಿಫೋರ್ನಿಯಾದ ಸಿಯೆರಾ ಬೆಟ್ಟಗಳಲ್ಲಿ ಸುತ್ತುವ ನಮ್ಮವರು: ಎಕ್ಸ್‌ಲೈಟ್ ಅಥವಾ ಟೆನ್ಸರ್ ಆಲ್-ಸೀಸನ್. ಇಲ್ಲಿ ಗ್ರಾಂ ಲೆಕ್ಕಕ್ಕೆ ಅರ್ಥ ಇದೆ. ಸದ್ದು ಸಹಿಸದವರು ಎರಡನೆಯದು.

ಚಳಿಗಾಲದ ಹಿಮಕ್ಕೆ: 5ರ ಮೇಲಿನದು, ಕೆಳಗೆ ಫೋಮ್. ಆದರೆ ಇದು ಮೊದಲನೇ ಸಲವಾದರೆ ಕೊಳ್ಳಬೇಡಿ. ಬೆಂಗಳೂರಿನಲ್ಲಿ ಚಾರಣದ ಸಾಮಾನು ಬಾಡಿಗೆಗೆ ಕೊಡುವವರಿದ್ದಾರೆ. ಒಂದು ಸಲ ಹೋಗಿ ಬಂದು, ಮತ್ತೆ ಹೋಗುವ ಮನಸ್ಸಿದೆಯಾ ಅಂತ ನೋಡಿಕೊಂಡು ಆಮೇಲೆ ದುಡ್ಡು ಹಾಕಿ.

ಯಾವುದನ್ನೇ ತರಿಸಿ, ವಾಪಸ್ ಕೊಡುವ ಗಡುವು ಮುಗಿಯುವ ಮುಂಚೆ ಊದಿ ಮನೆಯ ನೆಲದ ಮೇಲೆ ಒಂದು ರಾತ್ರಿ ಪೂರ್ತಿ ಮಲಗಿ, ದಿಂಬು, ಸ್ಲೀಪಿಂಗ್ ಬ್ಯಾಗ್ ಸಮೇತ. ಬೆಳಗ್ಗೆ ಗಾಳಿ ಎಷ್ಟಿದೆ ನೋಡಿ. ಬಟ್ಟೆಯ ಮೇಲೆ ಸ್ಲೀಪಿಂಗ್ ಬ್ಯಾಗ್ ಜಾರುತ್ತಾ ನೋಡಿ. ಕೊನೆಗೆ, ಅದು ಬಂದ ಚೀಲದೊಳಗೆ ಅದನ್ನು ಮತ್ತೆ ತುಂಬಲು ನಿಮ್ಮ ಕೈಲಿ ಆಗುತ್ತಾ ಅಂತಲೂ ನೋಡಿ. ಕೆಲವು ಹಾಸಿಗೆಗಳ ಚೀಲ ಎಷ್ಟು ಬಿಗಿ ಅಂದರೆ, ಬೆಳಗಿನ ಐದು ಗಂಟೆಗೆ ಮರಗಟ್ಟಿದ ಬೆರಳಲ್ಲಿ ಅದು ಆಗುವ ಕೆಲಸವಲ್ಲ. ಅಂಥದಾದರೆ ಒಂದು ಅಳತೆ ದೊಡ್ಡ ಚೀಲ ಹೊಲಿಸಿಕೊಳ್ಳಿ. ದರ್ಜಿಗೆ ಅರ್ಧ ಗಂಟೆಯ ಕೆಲಸ.